ಹಳ್ಳದ ಆಚೆ ಬಿದ್ದ ಮಂಗ: ಕೊಪ್ಪ–ತೀರ್ಥಹಳ್ಳಿ ಗಡಿಯ ಒಂದು ಪ್ರಕರಣ

ಬೆಳಿಗ್ಗೆ ಏಳೂವರೆಗೆ ಆಶಾ ಕಾರ್ಯಕರ್ತೆಯ ಫೋನು. "ಸರ್, ದರಗು ತರೋಕೆ ಹೋದವ್ರು ಮಂಗ ಸತ್ತು ಬಿದ್ದಿದ್ದು ನೋಡಿದಾರಂತೆ. ನಾತ ಹೊಡೀತಿದೆಯಂತೆ." ದರಗು ಅಂದರೆ ಕೊಟ್ಟಿಗೆಗೆ ಹಾಕಲು ಕಾಡಿನಿಂದ ಗುಡಿಸಿ ತರುವ ಒಣ ಎಲೆ.

"ಎಲ್ಲಿ?"

"ಹಳ್ಳದ ಆಚೆ."

ಆ 'ಆಚೆ' ಅನ್ನುವ ಒಂದು ಮಾತು ನಮ್ಮ ನಾಲ್ಕು ದಿನ ತಿಂದಿತು.

ನಾನು ಆಗ ಕೊಪ್ಪ ತಾಲ್ಲೂಕಿನ ಅಂಚಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ನಿರೀಕ್ಷಕ. ಊರಿನ ಹೆಸರು ಬರೆಯುತ್ತಿಲ್ಲ. ಹತ್ತು ಹನ್ನೆರಡು ಮನೆಯ ಊರು ಅದು. ಹೆಸರು ಹೇಳಿದರೆ ಕಾಯಿಲೆ ಬಿದ್ದದ್ದು ಯಾರ ಮನೆಯಲ್ಲಿ ಅಂತ ಇಡೀ ತಾಲ್ಲೂಕಿಗೆ ಗೊತ್ತಾಗುತ್ತದೆ. ಹಳ್ಳದ ಈಚೆ ಚಿಕ್ಕಮಗಳೂರು ಜಿಲ್ಲೆ. ಆಚೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕು. ಜನವರಿ ಕೊನೆಗೆ ಆ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿದ್ದರೆ ಜಾಸ್ತಿ. ಈಚೆ ಮನೆ ಇದ್ದವರ ಸೊಪ್ಪಿನಬೆಟ್ಟ (ಸೊಪ್ಪು, ದರಗು ತರುವ ಗುಡ್ಡ) ಆಚೆ ಇದೆ. ಆಚೆಯವರ ಮಗಳನ್ನು ಈಚೆ ಕೊಟ್ಟಿದ್ದಾರೆ. ದನಗಳು ದಿನಕ್ಕೆರಡು ಸಲ ಜಿಲ್ಲೆ ದಾಟುತ್ತವೆ. ಕೊಪ್ಪದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ ಗಡಿಕಲ್ಲು ಅಂತಲೇ ಒಂದು ಊರಿದೆ. ಆದರೆ ನಮ್ಮ ಕಡೆ ಗಡಿ ಎಲ್ಲಿದೆ ಅಂತ ನೋಡಬೇಕಾದರೆ ಮೊಬೈಲ್ ತೆಗೆಯಬೇಕು.

ಮಂಗನ ಕಾಯಿಲೆ ಅಂದರೆ ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಆದರೂ ಬಯಲುಸೀಮೆಯವರು ಓದುತ್ತಿದ್ದರೆ ಅಂತ ಎರಡು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಜಗತ್ತಿಗೇ ಹೊಸ ವೈರಸ್ಸು. ಊರಿನ ಹೆಸರೇ ಅದಕ್ಕೂ ಬಿತ್ತು. ಇದು ಹರಡುವುದು ಉಣುಗಿನಿಂದ, ಅಂದರೆ ದನದ ಮೈಗೆ ಕಚ್ಚಿಕೊಳ್ಳುವ ಉಣ್ಣೆಯಿಂದ. ಮಂಗ ಮತ್ತು ಮುಸಿಯ (ಕಪ್ಪು ಮುಖದ, ಉದ್ದ ಬಾಲದ ಮಂಗ) ನಮ್ಮ ಹಾಗೇ ಕಾಯಿಲೆ ಬಿದ್ದು ಸಾಯುತ್ತವೆ. ಸತ್ತ ಪ್ರಾಣಿಯ ಮೈ ತಣ್ಣಗಾದ ಕೂಡಲೇ ರಕ್ತ ಕುಡಿದ ಉಣುಗುಗಳು ಕೆಳಗಿಳಿದು ತರಗೆಲೆ ಸೇರುತ್ತವೆ. ಆಮೇಲೆ ಆ ಜಾಗದಲ್ಲಿ ಯಾರು ಕೂತರೂ, ಯಾರು ದರಗು ಗುಡಿಸಿದರೂ ಅವಕ್ಕೆ ಊಟ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಮರಿ ಉಣುಗು. ಸಾಸಿವೆ ಕಾಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಅಷ್ಟರಮಟ್ಟಿಗೆ ಪುಣ್ಯ.

ಸೀಸನ್ ಶುರುವಾಗುವುದು ನವೆಂಬರ್, ಡಿಸೆಂಬರ್‌ನಲ್ಲಿ. ಮಳೆ ಬೀಳುವವರೆಗೆ ಇರುತ್ತದೆ. ಅಡಿಕೆ ಕೊಯ್ಲು, ಕಾಫಿ ಕೊಯ್ಲು, ಕೊಟ್ಟಿಗೆಗೆ ದರಗು, ಸೌದೆ ಒಟ್ಟುವುದು, ಎಲ್ಲಾ ಅದೇ ತಿಂಗಳುಗಳಲ್ಲಿ. ಕಾಡಿಗೆ ಹೋಗಬೇಡಿ ಅಂತ ನಾವು ಮೈಕಿನಲ್ಲಿ ಕೂಗುತ್ತೇವೆ. ಹೋಗದೆ ಏನು ಮಾಡುತ್ತಾರೆ ಅಂತ ಕೂಗುವವರಿಗೂ ಗೊತ್ತು.

ಇನ್ನೊಂದು ವಿಷಯ. ಆಗ ನಡೆಯುತ್ತಿದ್ದದ್ದು ಲಸಿಕೆ ನಿಂತ ಮೇಲಿನ ಎರಡನೇ ಸೀಸನ್. ಹಳೇ ಲಸಿಕೆ ಎರಡು ಡೋಸ್ ಹಾಕಿಸಿಕೊಂಡವರಿಗೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಕೊಡುತ್ತಿತ್ತು ಅಂತ 2005ರಿಂದ 2010ರವರೆಗಿನ ಲೆಕ್ಕ ಹೇಳುತ್ತದೆ. ಆಮೇಲೆ ಅದರ ಶಕ್ತಿ ಕುಂದಿತು, 2022ರಲ್ಲಿ ಸರ್ಕಾರ ಕೊಡುವುದನ್ನೇ ನಿಲ್ಲಿಸಿತು. ಹೊಸದು ಇನ್ನೂ ತಯಾರಿಯಲ್ಲೇ ಇತ್ತು. ಅಂದರೆ ನಮ್ಮ ಕೈಯಲ್ಲಿ ಉಳಿದಿದ್ದು ಮೂರೇ: ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ, ಉಣುಗು ಸಾಯಲಿ ಅಂತ ಮಂಗ ಸತ್ತ ಜಾಗಕ್ಕೆ ಹಾಕುವ ಮೆಲಾಥಿಯಾನ್ ಪುಡಿ, ಮತ್ತು ಸುದ್ದಿ. ಈ ಮೂರರಲ್ಲಿ ಸುದ್ದಿ ಬೇಗ ಮುಟ್ಟಿದರೆ ಮಾತ್ರ ಉಳಿದ ಎರಡಕ್ಕೆ ಬೆಲೆ.

ಈಗ ಆ ಬೆಳಗಿಗೆ ಬರುತ್ತೇನೆ.

ಬೈಕ್ ಹತ್ತಿ ಹೋದೆ. ಹಳ್ಳ ದಾಟಿ ಇಪ್ಪತ್ತು ಹೆಜ್ಜೆ, ಒಂದು ಹಳೇ ಹಲಸಿನ ಮರದ ಬುಡದಲ್ಲಿ ಬಿದ್ದಿತ್ತು. ಗಂಡು ಮಂಗ. ಒಂದು ಕೈ ಎದೆಯ ಮೇಲೆ, ಬಾಯಿ ಅರ್ಧ ತೆರೆದಿತ್ತು. ನೊಣ ಮುತ್ತಿದ್ದವು. ಎರಡು ಮಾರು ದೂರದಲ್ಲೇ ಯಾರೋ ಕಟ್ಟಿಟ್ಟ ದರಗಿನ ಹೊರೆ, ಅದರ ಮೇಲೆ ಕತ್ತಿ. ಮಂಗ ನೋಡಿ ಹೆದರಿ ಹೊರೆ ಬಿಟ್ಟು ಓಡಿದ್ದಾರೆ. ನಾನು ಫೋಟೋ ತೆಗೆದು, ಲೊಕೇಶನ್ ಹಾಕಿ ನೋಡಿದೆ. ಶಿವಮೊಗ್ಗ ಜಿಲ್ಲೆ ಅಂತ ತೋರಿಸಿತು.

ಮಂಗ ಸತ್ತರೆ ಏನು ಮಾಡಬೇಕು ಅಂತ ನಿಯಮ ಸರಿಯಾಗೇ ಇದೆ. ಆರೋಗ್ಯ ಇಲಾಖೆ, ಅರಣ್ಯ ಇಲಾಖೆ, ಪಶುಪಾಲನಾ ಇಲಾಖೆ ಮೂವರೂ ಬರಬೇಕು. ಪಶುವೈದ್ಯರು ಶವ ಕೊಯ್ದು ಮಾದರಿ ತೆಗೆಯಬೇಕು, ಅದು ಲ್ಯಾಬಿಗೆ ಹೋಗಬೇಕು. ದೇಹ ಸುಡಬೇಕು. ಸುತ್ತ 50 ಮೀಟರ್ ಪುಡಿ ಹಾಕಬೇಕು. ಹತ್ತಿರದ ಮನೆಗಳಿಗೆ ಎಣ್ಣೆ ಕೊಟ್ಟು, ಜ್ವರ ಬಂದರೆ ಬನ್ನಿ ಅಂತ ಹೇಳಬೇಕು. ಎಲ್ಲಾ ಸರಿ. ಆದರೆ ಮೂರು ಇಲಾಖೆಗೆ ಎರಡು ಜಿಲ್ಲೆ ಗುಣಿಸಿದರೆ ಆರು ಆಫೀಸು ಆಗುತ್ತವೆ, ಆರಕ್ಕೂ ಆರು ಗಡಿ.

ನಮ್ಮ ಕಡೆಯ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರದು ತಪ್ಪಲ್ಲ. "ನನ್ನ ವ್ಯಾಪ್ತಿ ಅಲ್ಲ ಮಾರಾಯ್ರೆ, ಆಚೆಯವರಿಗೆ ಹೇಳಿ" ಅಂದರು. ಆಚೆಯ ಪಶುವೈದ್ಯರ ನಂಬರ್ ನನ್ನ ಹತ್ತಿರ ಇರಲಿಲ್ಲ. ಅರಣ್ಯ ಗಾರ್ಡಿಗೆ ಹೇಳಿದೆ, ಅವರೂ ಅದನ್ನೇ ಅಂದರು. ಕೊನೆಗೆ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ವರದಿ ಬರೆದೆ. ಅಲ್ಲಿಂದ ಅದು ಜಿಲ್ಲೆಗೆ ಹೋಯಿತು. ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಹೋಗಿ, ಅಲ್ಲಿಂದ ತಾಲ್ಲೂಕಿಗೆ ಇಳಿದು, ತಾಲ್ಲೂಕಿನಿಂದ ಆಚೆ ಕಡೆಯ ಆರೋಗ್ಯ ಕೇಂದ್ರಕ್ಕೆ ಬಂತು. ನಡುವೆ ಒಂದು ಭಾನುವಾರ, ಒಂದು ಸರ್ಕಾರಿ ರಜೆ. ಆ ಕೇಂದ್ರ ನಾನು ನಿಂತಿದ್ದ ಹಲಸಿನ ಮರದಿಂದ ಬೈಕಿನಲ್ಲಿ ಹದಿನೈದು ನಿಮಿಷ.

ಅವರು ಬಂದಾಗ ಮರದ ಬುಡದಲ್ಲಿ ಮೂಳೆ ಮತ್ತು ಕೂದಲು ಉಳಿದಿತ್ತು. ನಾಯಿಯೋ ಹಂದಿಯೋ ಎಳೆದಾಡಿದ್ದವು. ಮಾದರಿ ತೆಗೆಯುವಂಥದ್ದು ಏನೂ ಇರಲಿಲ್ಲ. ಪುಡಿ ಹಾಕಿ ಹೋದರು. ದರಗಿನ ಹೊರೆ ಅಷ್ಟರಲ್ಲಿ ಅಲ್ಲಿರಲಿಲ್ಲ. ಯಾರೋ ಹೊತ್ತುಕೊಂಡು ಕೊಟ್ಟಿಗೆಗೆ ಹಾಕಿದ್ದರು.

ಆ ದಿನ ಆಚೆಯ ಆರೋಗ್ಯ ಸಹಾಯಕರ ಜೊತೆ ಹಳ್ಳದ ಕಲ್ಲಿನ ಮೇಲೆ ಕೂತು ಬೀಡಿ ಸೇದುವಾಗ (ಅವರು ಸೇದಿದರು, ನಾನು ಬಿಟ್ಟಿದ್ದೆ) ಸುಮ್ನೆ ಕೇಳಿದೆ, ನಿಮ್ಮ ಕಡೆ ಈ ವರ್ಷ ಹೇಗೆ ಅಂತ. ಅವರು ಹೇಳಿದ್ದು ಕೇಳಿ ನನಗೆ ಕೂತಲ್ಲೇ ಬೆವರು ಬಂತು. ಹತ್ತು ದಿನದ ಹಿಂದೆ ಅವರ ಕಡೆ ಎರಡು ಮಂಗ ಸತ್ತಿದ್ದವು. ಮಾದರಿ ಹೋಗಿತ್ತು, ಒಂದರಲ್ಲಿ ವೈರಸ್ ಇದೆ ಅಂತ ವರದಿಯೂ ಬಂದಿತ್ತು. ಅವರು ಎಣ್ಣೆ ಹಂಚಿ, ಪುಡಿ ಹಾಕಿ, ಮನೆಮನೆ ಸುತ್ತಿದ್ದರು. ಹಳ್ಳದವರೆಗೆ. ಹಳ್ಳಕ್ಕೆ ನಿಲ್ಲಿಸಿದ್ದರು.

ಅಲ್ಲಿಂದ ನಮ್ಮ ಮೊದಲ ಮನೆಗೆ ಕೂಗಿದರೆ ಕೇಳಿಸುತ್ತದೆ. ನಮ್ಮ ಪಟ್ಟಿಯಲ್ಲಿ ಆ ಊರಿನ ಮುಂದೆ ಬರೆದಿದ್ದು 'ಮಂಗ ಸಾವು: ಇಲ್ಲ'. ಬರೆದವನು ನಾನೇ. ಸುಳ್ಳೂ ಅಲ್ಲ. ನನ್ನ ವ್ಯಾಪ್ತಿಯಲ್ಲಿ ಮಂಗ ಸತ್ತಿರಲಿಲ್ಲ.

ನನ್ನ ಅಜ್ಜಿ ಹೇಳುತ್ತಿದ್ದರು, ಹಿಂದೆ ಸಿಡುಬು, ವಾಂತಿಭೇದಿ ಬಂದರೆ ಮಾರಿಯನ್ನು ಪೂಜೆ ಮಾಡಿ, ಮೊರದಲ್ಲಿ ಅನ್ನ, ಅರಿಶಿನ ಇಟ್ಟು ಊರ ಗಡಿ ದಾಟಿಸಿ ಬರುತ್ತಿದ್ದರಂತೆ. ಪಕ್ಕದ ಊರಿನವರು ಬೆಳಿಗ್ಗೆ ನೋಡಿ, ಅವರ ಗಡಿಯಿಂದ ಆಚೆ ದಾಟಿಸುತ್ತಿದ್ದರು. ನಾವು ಅದನ್ನು ಮೂಢನಂಬಿಕೆ ಅಂತ ನಗುತ್ತಿದ್ದೆವು. ಒಂದು ಲೆಕ್ಕದಲ್ಲಿ ಅವರೇ ವಾಸಿ. ಮೊರ ನೋಡಿದ ಕೂಡಲೇ ಪಕ್ಕದೂರಿಗೆ ಸುದ್ದಿಯಾದರೂ ಮುಟ್ಟುತ್ತಿತ್ತು.

ಆರನೇ ದಿನಕ್ಕೆ ದರಗಿನ ಮನೆಯ ಹೆಂಗಸಿಗೆ ಜ್ವರ ಬಂತು. ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಇದು ಶುರುವಾಗುತ್ತದೆ, ಇದ್ದಕ್ಕಿದ್ದ ಹಾಗೆ. ಮಧ್ಯಾಹ್ನ ಊಟ ಮಾಡಿ ಎದ್ದವರು ಸಂಜೆಗೆ ಏಳಲಾರರು. ತಲೆ ಸಿಡಿಯುತ್ತದೆ, ಸೊಂಟ ಮತ್ತು ಮೀನಖಂಡ ಹಿಡಿದುಕೊಳ್ಳುತ್ತವೆ, ಕಣ್ಣು ಕೆಂಪಾಗುತ್ತವೆ. ಅವರ ತವರು ಆಚೆ. ಗಂಡ ಬೈಕಿನಲ್ಲಿ ಕೂರಿಸಿಕೊಂಡು ಆ ಕಡೆಯ ಒಂದು ಖಾಸಗಿ ಕ್ಲಿನಿಕ್‌ಗೆ ಕರೆದೊಯ್ದರು. ಅಲ್ಲಿ ಟೈಫಾಯ್ಡ್ ಇರಬಹುದು ಅಂತ ಎರಡು ದಿನ ಡ್ರಿಪ್ ಹಾಕಿದರು. ಪ್ಲೇಟ್ಲೆಟ್ ಇಳಿದಾಗ ಡೆಂಗಿ ಅಂದರು. ಮೂರನೇ ದಿನ ಒಸಡಿನಲ್ಲಿ ರಕ್ತ ಕಂಡ ಮೇಲೆ ಸರ್ಕಾರಿ ಆಸ್ಪತ್ರೆಗೆ ಬಂದರು. ರಕ್ತ ಶಿವಮೊಗ್ಗದ ವೈರಸ್ ಪತ್ತೆ ಲ್ಯಾಬಿಗೆ ಹೋಯಿತು, ಪಾಸಿಟಿವ್ ಬಂತು.

ಇಲ್ಲಿ ನೋಡಿ ತಮಾಷೆ. ರೋಗಿ ಕೊಟ್ಟ ವಿಳಾಸ ತವರಿನದು. ಹಾಗಾಗಿ ವರದಿ ಹೋಗಿದ್ದು ತವರಿನ ಊರಿಗೆ. ಅಲ್ಲಿಯವರು ಬಂದು ತವರು ಮನೆಯ ಸುತ್ತ ಸರ್ವೆ ಮಾಡಿದರು. ಉಣುಗು ಕಚ್ಚಿದ ಜಾಗ, ಅವರ ಜೊತೆ ದರಗು ತರಲು ಹೋಗಿದ್ದ ಇನ್ನಿಬ್ಬರು, ದರಗು ಹಾಕಿದ ಕೊಟ್ಟಿಗೆ, ಎಲ್ಲಾ ಹಳ್ಳದ ಹತ್ತಿರ ಇದ್ದವು. ನಮಗೆ ಗೊತ್ತಾಗಿದ್ದು ಎರಡು ದಿನ ತಡವಾಗಿ. ಅದೂ ಇಲಾಖೆಯಿಂದ ಅಲ್ಲ. ಅವರ ಗಂಡ ಹಾಲಿನ ಡೈರಿಗೆ ಬಂದಾಗ ಹೇಳಿದರು.

ಅವರ ಜೊತೆಗೆ ಹೋಗಿದ್ದವರಲ್ಲಿ ಒಬ್ಬರಿಗೆ ಅಷ್ಟರಲ್ಲಿ ಜ್ವರ ಶುರುವಾಗಿತ್ತು. ವಯಸ್ಸಾದವರು. ಅವರನ್ನು ಘಾಟಿ ಇಳಿಸಿ ಮಣಿಪಾಲಕ್ಕೆ ಕಳಿಸಬೇಕಾಯಿತು. ಕೊಪ್ಪ, ಶೃಂಗೇರಿ ಕಡೆಯವರಿಗೆ ಗಂಭೀರ ಕಾಯಿಲೆ ಅಂದರೆ ಮೊದಲು ನೆನಪಾಗುವುದು ಆಗುಂಬೆ ಘಾಟಿ. ಚಿಕ್ಕಮಗಳೂರು ನಮಗೆ ಜಿಲ್ಲಾ ಕೇಂದ್ರ, ಆಸ್ಪತ್ರೆಯ ಲೆಕ್ಕದಲ್ಲಿ ಉಡುಪಿ ಹತ್ತಿರ, ಲ್ಯಾಬಿನ ಲೆಕ್ಕದಲ್ಲಿ ಶಿವಮೊಗ್ಗ. ಹೀಗೆ ಒಂದು ಜ್ವರಕ್ಕೆ ಮೂರು ಜಿಲ್ಲೆ. 2024ರ ಆರಂಭದಲ್ಲಿ ಶೃಂಗೇರಿ ತಾಲ್ಲೂಕಿನ ಹಿರಿಯರೊಬ್ಬರು ಮಂಗನ ಕಾಯಿಲೆಯಿಂದ ತೀರಿಕೊಂಡಿದ್ದೂ ಘಾಟಿಯ ಕೆಳಗಿನ ಆಸ್ಪತ್ರೆಯಲ್ಲೇ. ನಮ್ಮ ಇಬ್ಬರೂ ಉಳಿದುಕೊಂಡರು. ವಯಸ್ಸಾದವರಿಗೆ ಎರಡನೇ ವಾರ ಮತ್ತೆ ಜ್ವರ ಮರುಕಳಿಸಿ ಕೈ ನಡುಕ ಬಂತು. ಹತ್ತರಲ್ಲಿ ಒಬ್ಬರಿಬ್ಬರಿಗೆ ಹಾಗಾಗುತ್ತದೆ. ಕಾಫಿ ಲೋಟ ಹಿಡಿಯಲು ಅವರಿಗೆ ಒಂದು ತಿಂಗಳು ಬೇಕಾಯಿತು.

ಇನ್ನೊಂದು ಎಳೆ ಇದೆ, ಅದು ಹಾಸನ ಜಿಲ್ಲೆಗೆ ಹೋಗುತ್ತದೆ. ಹಳ್ಳದ ಪಕ್ಕದ ತೋಟದಲ್ಲಿ ಅಸ್ಸಾಂನಿಂದ ಬಂದ ಏಳು ಜನ ಕೊಯ್ಲಿಗೆ ಇದ್ದರು. ಮಂಗ ಬಿದ್ದ ಮರದ ಕೆಳಗೇ ಮಧ್ಯಾಹ್ನ ಊಟಕ್ಕೆ ಕೂರುತ್ತಿದ್ದರಂತೆ. ನಾವು ಸರ್ವೆಗೆ ಹೋದಾಗ ಲೈನ್ ಮನೆ ಖಾಲಿ. ನಮ್ಮ ಕಡೆ ಕೊಯ್ಲು ಮುಗಿದಿತ್ತು, ಮೇಸ್ತ್ರಿ ಅವರನ್ನು ಸಕಲೇಶಪುರದ ಕಡೆಗೆ ರೋಬಸ್ಟಾ ಕೊಯ್ಲಿಗೆ ಕರೆದುಕೊಂಡು ಹೋಗಿದ್ದ. ಮೇಸ್ತ್ರಿಗೆ ಫೋನ್ ಮಾಡಿದರೆ ಒಬ್ಬ ಹುಡುಗನಿಗೆ ಜ್ವರ ಅಂದ. ಆ ಕಡೆಯ ಆರೋಗ್ಯ ಕೇಂದ್ರದ ನಂಬರ್ ಹುಡುಕಲು ಅರ್ಧ ದಿನ ಹೋಯಿತು. ಅಲ್ಲಿಯ ಯುವ ವೈದ್ಯರು ಮೊದಲು ಕೇಳಿದ್ದು, "ಮಂಗನ ಕಾಯಿಲೆ ಶಿವಮೊಗ್ಗದ್ದಲ್ವಾ?" ಅಂತ. ಕೇಳಿದ್ದರಲ್ಲಿ ತಪ್ಪೇನಿಲ್ಲ, ಅವರು ಒಂದೂ ರೋಗಿಯನ್ನು ನೋಡಿರಲಿಲ್ಲ. ಆದರೆ ಮಾತು ಮುಗಿಯುವುದರೊಳಗೆ ಜೀಪು ಹತ್ತಿದ್ದರು. ರಕ್ತ ತೆಗೆದು, ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಕಳಿಸಿದರು. ಹುಡುಗನದು ನೆಗೆಟಿವ್. ಸುಮ್ಮನೆ ವೈರಲ್ ಜ್ವರ. ಅಷ್ಟೆಲ್ಲಾ ಓಡಾಡಿದ್ದು ದಂಡ ಅಂತ ನಮ್ಮ ಕ್ಲಾರ್ಕ್ ಅಂದರು. ನನಗೆ ಹಾಗನಿಸಲಿಲ್ಲ. ಆ ವೈದ್ಯರು ಈಗಲೂ ಕೂಲಿಯವರಿಗೆ ಜ್ವರ ಬಂದರೆ ಎಲ್ಲಿಂದ ಬಂದಿರಿ, ಹೋದ ವಾರ ಎಲ್ಲಿದ್ದಿರಿ ಅಂತ ಕೇಳುತ್ತಾರೆ. ಆ ಪ್ರಶ್ನೆ ಯಾವ ಫಾರಂನಲ್ಲೂ ಇಲ್ಲ.

ಫೆಬ್ರವರಿ ಎರಡನೇ ವಾರ ಹಳ್ಳದ ಹತ್ತಿರದ ಒಂದು ಅಡಿಕೆ ಅಂಗಳದಲ್ಲಿ ಸೇರಿದೆವು. ಇದು ಮೇಲಿನಿಂದ ಬಂದ ಆದೇಶದ ಸಭೆ ಅಲ್ಲ. ಸೀಸನ್ನಿಗೆ ಮೊದಲು ಜಿಲ್ಲೆಗಳ ಮಟ್ಟದಲ್ಲಿ ಸಭೆ ಆಗುತ್ತದೆ, ಅಲ್ಲಿ ಸಮನ್ವಯ ಅನ್ನುವ ಪದ ಹತ್ತು ಸಲ ಬರುತ್ತದೆ. ಅದು ಬೇಡ ಅನ್ನುತ್ತಿಲ್ಲ. ಆದರೆ ಆ ಸಭೆಗೆ ಹೋಗುವವರು ಹಲಸಿನ ಮರದ ಬುಡಕ್ಕೆ ಬರುವವರಲ್ಲ. ಅಂಗಳದಲ್ಲಿ ಸೇರಿದ್ದು ಎರಡೂ ಕಡೆಯ ಆಶಾಗಳು, ಇಬ್ಬರು ಪಶುವೈದ್ಯರು, ಇಬ್ಬರು ಫಾರೆಸ್ಟ್ ಗಾರ್ಡುಗಳು, ನಾನು, ಬೀಡಿ ಸೇದುವ ನನ್ನ ಗೆಳೆಯರು, ತೋಟದ ಲೆಕ್ಕ ಬರೆಯುವ ಇಬ್ಬರು ರೈಟ್ರುಗಳು. ಅಡಿಕೆ ಸುಲಿಯುವವರು ಪಕ್ಕದಲ್ಲೇ ಕೂತು ಕೇಳುತ್ತಿದ್ದರು, ನಡುವೆ ಬಾಯೂ ಹಾಕುತ್ತಿದ್ದರು.

ಮೊದಲು ಮಾಡಿದ್ದು ನಕ್ಷೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಒಬ್ಬ ಆಶಾ ಬರೆದರು. ಮನೆ, ಹಳ್ಳ, ಸೊಪ್ಪಿನಬೆಟ್ಟ, ಮಂಗಗಳು ರಾತ್ರಿ ಕೂರುವ ಮರ, ದನ ಹೋಗುವ ದಾರಿ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣುಗುಗಳು ಹೊಟ್ಟೆ ತುಂಬಿಸಿಕೊಳ್ಳುವುದು ದನದ ಮೈಮೇಲೇ. ಅದಕ್ಕೇ ದನದ ದಾರಿ ಮುಖ್ಯ. ಬರೆದು ಮುಗಿದ ಮೇಲೆ ನೋಡಿದರೆ ಜಿಲ್ಲೆಯ ಗೆರೆ ಹಾಕುವುದೇ ಮರೆತಿತ್ತು. ಆಮೇಲೆ ಯಾರೂ ಹಾಕಲಿಲ್ಲ.

ಒಪ್ಪಿಕೊಂಡಿದ್ದು ಇಷ್ಟು. ಯಾರು ಮೊದಲು ಸತ್ತ ಮಂಗ ನೋಡುತ್ತಾರೋ ಅವರು ಎರಡೂ ಕಡೆಗೆ ಫೋನ್ ಮಾಡಬೇಕು. ಯಾವ ಪಶುವೈದ್ಯರು ಆ ದಿನ ಹತ್ತಿರ ಇರುತ್ತಾರೋ ಅವರು ಹೋಗಬೇಕು, ವರದಿ ಆಮೇಲೆ ಸರಿಯಾದ ಜಿಲ್ಲೆಯ ಹೆಸರಿನಲ್ಲಿ ಹೋಗಲಿ. ಜ್ವರ ಬಂದವರ ವಿಳಾಸ ಕೇಳುವಾಗ ಎರಡು ಪ್ರಶ್ನೆ: ಮನೆ ಎಲ್ಲಿ, ಕೆಲಸ ಮಾಡಿದ್ದು ಎಲ್ಲಿ. ಕೂಲಿಯವರು ಊರು ಬಿಟ್ಟರೆ ರೈಟ್ರು ಮೇಸ್ತ್ರಿಯ ನಂಬರ್ ಕೊಡಬೇಕು.

ಜಗಳ ಬಂದಿದ್ದು ಪುಡಿಯ ವಿಷಯಕ್ಕೆ. ಆಚೆಯವರ ಹತ್ತಿರ ಮೆಲಾಥಿಯಾನ್ ಚೀಲ ಇದ್ದವು, ನಮ್ಮಲ್ಲಿ ಮುಗಿದಿತ್ತು. ನಮ್ಮ ಹತ್ತಿರ ಎಣ್ಣೆ ಬಾಟಲಿ ಇದ್ದವು, ಅವರಲ್ಲಿ ಮುಗಿದಿತ್ತು. ಜನ ಈಗಲೂ ಅದನ್ನು ಡಿಎಂಪಿ ಎಣ್ಣೆ ಅನ್ನುತ್ತಾರೆ, ಬರುತ್ತಿರುವುದು ಡೀಪಾ. ಒಂದು ಜಿಲ್ಲೆಯ ಸ್ಟಾಕ್ ಇನ್ನೊಂದು ಜಿಲ್ಲೆಗೆ ಕೊಡಲು ಬರುವುದಿಲ್ಲ. ರಿಜಿಸ್ಟರ್‌ನಲ್ಲಿ ಏನಂತ ಬರೆಯುವುದು? ಅರ್ಧ ಗಂಟೆ ಅದೇ ಆಯಿತು. ಅಡಿಕೆ ಸುಲಿಯುತ್ತಿದ್ದ ಒಬ್ಬ ಅಜ್ಜಿ ತಲೆ ಎತ್ತದೇ ಅಂದರು: "ಕೈಗಡ ಅಂತ ಬರೀರಿ. ಸಕ್ಕರೆ ಇಸ್ಕೊಳ್ಳಲ್ವಾ?" ಹಾಗೇ ಮಾಡಿದೆವು. ಎರಡು ಚೀಲ ಪುಡಿ ಈಚೆ ಬಂತು, ಹದಿನಾಲ್ಕು ಬಾಟಲಿ ಎಣ್ಣೆ ಆಚೆ ಹೋಯಿತು.

ನಮ್ಮ ಹಾಗೆ ಗಡಿಯಲ್ಲಿ ಸಿಕ್ಕಿಬಿದ್ದವರು ಬೇರೆಯವರೂ ಇದ್ದಾರೆ. 2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತವು, ಅವುಗಳ ಶವ ಮುಟ್ಟಿ ಸುಟ್ಟ ಸಿಬ್ಬಂದಿಗೇ ಕಾಯಿಲೆ ಬಂತು. ಅಲ್ಲಿ ಕಾಡು ಒಂದೇ, ರಾಜ್ಯ ಮೂರು. ಮುಂದಿನ ವರ್ಷಕ್ಕೆ ಕೇರಳದ ವಯನಾಡಿನಲ್ಲಿ ರೋಗಿ ಕಂಡರು, 2015ರಲ್ಲಿ ಅಲ್ಲಿ ದೊಡ್ಡದಾಗೇ ಹಬ್ಬಿತು. ಅದೇ ವರ್ಷ ಗೋವಾದ ಸತ್ತರಿ, ಮರುವರ್ಷ ಮಹಾರಾಷ್ಟ್ರದ ಸಿಂಧುದುರ್ಗ. ಅರವತ್ತು ವರ್ಷದಿಂದ ನಮಗೆ ಗೊತ್ತಿದ್ದ ಕಾಯಿಲೆ. ಆದರೂ ಹೊಸ ಜಾಗದವರಿಗೆ ಪ್ರತಿ ಸಲವೂ ಹೊಸದಾಗೇ ಬಂತು. ಜಿಲ್ಲೆ ಜಿಲ್ಲೆ ನಡುವೆಯೇ ಕಷ್ಟ ಅಂದರೆ ಭಾಷೆ ಬೇರೆ, ಸರ್ಕಾರ ಬೇರೆ ಇದ್ದಲ್ಲಿ ಹೇಗಿರಬೇಡ.

ಅಂಗಳದ ಒಪ್ಪಂದ ಎಷ್ಟು ನಡೆಯಿತು ಅಂತ ಕೇಳಿದರೆ, ಆ ಸೀಸನ್ ಚೆನ್ನಾಗೇ ನಡೆಯಿತು. ಮಾರ್ಚ್‌ನಲ್ಲಿ ಒಂದು ಮುಸಿಯ ಸತ್ತಾಗ ಬೆಳಿಗ್ಗೆ ಫೋನ್ ಬಂತು, ಸಂಜೆಯೊಳಗೆ ಮಾದರಿ ಹೋಗಿ ಪುಡಿಯೂ ಬಿತ್ತು. ಆಚೆಯ ಪಶುವೈದ್ಯರು ನಮ್ಮ ಕಡೆ ಬಂದು ಮಾಡಿದರು. ನಮ್ಮ ಊರಿನಲ್ಲಿ ಆಮೇಲೆ ಆ ವರ್ಷ ಯಾರಿಗೂ ಬರಲಿಲ್ಲ. ಅದು ನಮ್ಮಿಂದ ಆಯಿತು ಅಂತ ಹೇಳುವ ಧೈರ್ಯ ನನಗಿಲ್ಲ. ಮಳೆಯೂ ಸ್ವಲ್ಪ ಬೇಗ ಬಂತು.

ಮುಂದಿನ ನವೆಂಬರ್‌ಗೆ ಹಾಗಿರಲಿಲ್ಲ. ಎರಡೂ ಕಡೆಯವರಿದ್ದ ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಶುಭೋದಯದ ಹೂವುಗಳು ತುಂಬಿದ್ದವು. ಒಬ್ಬ ಗಾರ್ಡಿಗೆ ವರ್ಗ ಆಗಿತ್ತು, ಹೊಸಬರನ್ನು ಸೇರಿಸಿರಲಿಲ್ಲ. ನಮ್ಮ ಕಡೆಯ ಪಶುವೈದ್ಯರೂ ಬದಲಾಗಿದ್ದರು. ಹೊಸಬರು ನಿಯಮದ ಮನುಷ್ಯ, ಲಿಖಿತ ಆದೇಶ ಕೇಳಿದರು. ಕೇಳುವುದು ಅವರ ಹಕ್ಕು. ಆಶಾಗಳು ಮಾತ್ರ ಇಬ್ಬರೂ ಅಲ್ಲೇ ಇದ್ದರು. ಅವರಿಗೆ ವರ್ಗ ಇಲ್ಲ, ಅವರ ಊರೇ ಅದು. ಅವರಿಬ್ಬರ ನಡುವಿನ ಫೋನ್ ನಿಂತಿರಲಿಲ್ಲ. ಹೊಸ ಗಾರ್ಡಿನ ನಂಬರ್ ಗ್ರೂಪಿಗೆ ಸೇರಿಸಿದ್ದೂ ಆಚೆಯ ಆಶಾ ಕಾರ್ಯಕರ್ತೆಯೇ. ಕ್ಯಾಲೆಂಡರ್ ನಕ್ಷೆ ಈಚೆಯವರ ಮನೆಯ ಗೋಡೆಯಲ್ಲಿದೆ. ಮಂಗ ಕೂರುವ ಮರ ಬದಲಾದಾಗೆಲ್ಲಾ ಪೆನ್ಸಿಲ್‌ನಲ್ಲಿ ತಿದ್ದುತ್ತಾರೆ.

ನಾನು ಈಗ ನಿವೃತ್ತ. ಹೋದ ತಿಂಗಳು ಹಳೇ ಕಚೇರಿಯಿಂದ ಫೋನ್ ಬಂದಿತ್ತು. ಆಡಿಟ್‌ನವರು ರಿಜಿಸ್ಟರ್ ನೋಡಿದ್ದಾರಂತೆ. ಡೀಪಾ ಎಣ್ಣೆ, ಹದಿನಾಲ್ಕು ಬಾಟಲಿ, 'ಕೈಗಡ' ಅಂತಿದೆ, ಏನಿದು ಅಂತ ಕೇಳಿದರಂತೆ. ಎರಡು ಚೀಲ ಪುಡಿ ನಾವೂ ಕೊಡಬೇಕು ಅಂದೆ. ಅದನ್ನು ಬರೆದು ಸಹಿ ಹಾಕಿ ಕಳಿಸಿ ಅಂದರು.